ಒದ್ದೆ ಬೆರಳು

ಖರಾಡಿಯ ಗಾಜಿನ ಕಟ್ಟಡದಲ್ಲಿ
ಕೋಡ್ ಬರೆಯುವವರು ಎರಡನೇ ಮಹಡಿ,
ತಪ್ಪು ಹುಡುಕುವವರು ನಾಲ್ಕನೆಯದು.
ನಡುವಿನದು ಬೇರೆ ಕಂಪನಿಯದು, ಅದರ ಬಾಗಿಲು
ನಮ್ಮ ಕಾರ್ಡಿಗೆ ತೆರೆಯುತ್ತಿರಲಿಲ್ಲ.

ಹತ್ತು ದಿನದ ಸ್ಪ್ರಿಂಟು. ಒಂಬತ್ತನೆಯ ಸಂಜೆ
ಮೇಲಕ್ಕೆ ಬರುತ್ತಿತ್ತು ಗಂಟು,
ಮದುವೆ ಮುಗಿದ ಮೇಲೆ ಹಿತ್ತಲಿಗೆ ಬೀಳುವ ಪಾತ್ರೆಗಳ ಹಾಗೆ.
ಉಜ್ಜುತ್ತಿದ್ದೆವು ನಾನೂ ಫರ್ಜಾನಾ ಇನಾಮದಾರಳೂ,
ತಣ್ಣಗಾದ ಸಾಬುದಾಣಾ ವಡೆ ಪಕ್ಕಕ್ಕಿಟ್ಟು.
ತಪ್ಪು ಸಿಕ್ಕರೆ: ಇಷ್ಟು ತಡವಾಗಿ ಹೇಳ್ತೀರಾ?
ಸಿಗದಿದ್ದರೆ: ಇಷ್ಟು ದಿನ ಏನು ಮಾಡಿದಿರಿ?

ಮಾಡಿದ್ದು, ತರಕಾರಿ ಮಾರುವವರಿಗೊಂದು ಆ್ಯಪ್.
ಗುಲ್‌ಟೇಕಡಿಯ ಸಗಟು ಸಾಹುಕಾರನಿಗೆ
ಬೆರಳ ತುದಿಯಲ್ಲೇ ಪಾವತಿ.
ನಾನೂರ ಹನ್ನೆರಡು ಪರೀಕ್ಷೆ, ಎಲ್ಲವೂ ಪಾಸು.
ಗೋಡೆಯ ಪರದೆಯ ಮೇಲೆ ಮೆಂತ್ಯದಷ್ಟು ಹಸಿರು ಕಂಡು
ಅವಧೂತ ಪಟವರ್ಧನರು ಪೇಢೆ ಹಂಚಿದರು.

ಆರನೆಯ ಬೆಳಿಗ್ಗೆ ಮಂಡೈಯಿಂದ ಫೋನು.
ಸಖುಬಾಯಿ ಥೋರವೆ.
ಸೊಪ್ಪಿಗೆ ನೀರು ಚಿಮುಕಿಸಿದ ಕೈ,
ಗುಂಡಿ ಒತ್ತಿದ್ದು ಒಂದೇ ಸಲ,
ಹೋದದ್ದು ಸಾವಿರದ ಎಂಟುನೂರು,
ಮತ್ತೆ ಸಾವಿರದ ಎಂಟುನೂರು.
ಬೈಯಲಿಲ್ಲ ಆಕೆ. ಕೇಳಿದಳು ಅಷ್ಟೆ:
ನಿಮ್ಮ ಆಫೀಸಿನಲ್ಲಿ ಯಾರ ಕೈಯೂ ಒದ್ದೆಯಾಗೋದಿಲ್ಲವೇ?

ನಾನೂರ ಹನ್ನೆರಡರಲ್ಲಿ
ಒಂದೂ ಒದ್ದೆಯಾಗಿರಲಿಲ್ಲ.

ಸಭೆ. ಯಾರ ತಪ್ಪು ಎಂಬ ಚೆಂಡು
ಮೇಜಿನ ಸುತ್ತ ಉರುಳಿ, ರೂಢಿಯಂತೆ, ನನ್ನ ಮುಂದೆ ನಿಂತಿತು.
ಆಗ ನೆನಪಾದಳು ಸೊಲ್ಲಾಪುರದ ನೀಲವ್ವತ್ತೆ,
ಚಾದರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಚೆಕ್ಕರ್.
ಸಂಜೆಗೆ ರಾಶಿ ಬೀಳುವ ಮಾಲಿನ ಮೇಲೆ
ಸೀಮೆಸುಣ್ಣದ ಗೆರೆ ಎಳೆಯುವುದು ಕೆಲಸ.
ಗೆರೆ ಬಿದ್ದದ್ದು ಸೆಕೆಂಡ್ಸ್, ಅರ್ಧ ಬೆಲೆ,
ನೇಕಾರನ ಕೂಲಿಯಲ್ಲಿ ಕಡಿತ, ಅವನ ಶಾಪ ಇವಳಿಗೆ.
'ಎಳಿ ಹರದದ್ದು ಮುಂಜಾನೆ ಹತ್ತಕ್ಕ.
ಆಗ ಮಗ್ಗ ನಿಲ್ಲಸ್ಬೇಕಿತ್ತು.
ಸಂಜಿಕ ನಾ ಗೆರಿ ಎಳದ್ರ ಎಳಿ ಕೂಡತೈತೇನ?
ನಾ ಬಟ್ಟಿ ನೋಡಾಕಿ ಅಲ್ಲವ್ವ,
ಬಟ್ಟಿ ಹೆಣಾ ನೋಡಾಕಿ.'

ಎದ್ದೆ.
ಒಂದು ಚಕ್ರ ಸೊಟ್ಟಗಾದ ನನ್ನ ಕುರ್ಚಿಯನ್ನು
ಲಿಫ್ಟಿಗೆ ನೂಕಿ ಎರಡಕ್ಕೆ ಇಳಿದೆ.
ಕುರ್ಚಿಗೆ ಗೇಟ್‌ಪಾಸ್ ಎಲ್ಲಿ ಎಂದ ಸೆಕ್ಯುರಿಟಿ.
ತೇಜಸ್ ನಿಂಬಾಳ್ಕರನ ಪಕ್ಕ ಹಾಕಿಕೊಂಡೆ.
ಅವನು ಹೆಡ್‌ಫೋನ್ ತೆಗೆಯಲಿಲ್ಲ.
ನಾಲ್ಕು ದಿನ.

ಐದನೆಯ ದಿನ, ಅವನಿನ್ನೂ ಒಂದು ಸಾಲೂ ಬರೆಯುವ ಮೊದಲು
ಕೇಳಿದೆ: ದುಡ್ಡು ದಾರಿಯಲ್ಲಿರುವಾಗ ಸಿಗ್ನಲ್ ಹೋದರೆ?
ಚಾರ್ಜು ಹೋದರೆ? ಅಂಗಡಿಯಲ್ಲಿ ಮೊಮ್ಮಗ ಕೂತು
ಸುಮ್ಮನೆ ಆಟಕ್ಕೆ ಹತ್ತು ಸಲ ಒತ್ತಿದರೆ?
ಒಂದು ಕಿವಿಯಷ್ಟು
ಹೆಡ್‌ಫೋನ್ ಸರಿಸಿದ.

ಆಮೇಲೆಲ್ಲ ಸರಿಹೋಯಿತು ಎಂದು ಬರೆದರೆ
ಅದೇ ಒಂದು ಬಗ್.
ಫರ್ಜಾನಾ ಕೆಳಗೆ ಬರಲಿಲ್ಲ, ಹಿಂಜವಡಿಯ ಬೇರೆ ಕೆಲಸಕ್ಕೆ ಹೋದಳು.
ಪಟವರ್ಧನರು ಏಪ್ರಿಲಿನಲ್ಲಿ ನನ್ನ ಕಡತ ಬಿಚ್ಚಿ
ಹುಬ್ಬು ಗಂಟಿಕ್ಕಿದರು:
ಹೋದ ವರ್ಷ ಮುನ್ನೂರು ತಪ್ಪು ಹಿಡಿದಿದ್ದಿರಿ,
ಈ ವರ್ಷ ನಲವತ್ತೊಂದು. ಯಾಕೆ, ಹುಷಾರಿಲ್ಲವೇ?
ಹುಟ್ಟದೇ ಹೋದವುಗಳ ಲೆಕ್ಕ
ಯಾವ ಕಾಲಮ್ಮಿನಲ್ಲಿ ಬರೆಯಲಿ?

ತೇಜಸನ ಮೇಜಿನ ಮೇಲೆ ಈಗ ಒಂದು ಸ್ಟೀಲ್ ಲೋಟ.
ಕುಡಿಯುವ ನೀರಲ್ಲ.
ಮುಗಿಯಿತು ಎನ್ನುವ ಮೊದಲು
ಬೆರಳು ಅದ್ದಿ ಫೋನು ಒತ್ತುತ್ತಾನೆ,
ನಾನು ರಜೆಯಲ್ಲಿದ್ದರೂ.

ಸಖುಬಾಯಿಯ ದುಡ್ಡು ವಾಪಸಾಗಲು ಹನ್ನೊಂದು ದಿನ ಹಿಡಿಯಿತು.
ಮೊನ್ನೆ ಹೋಗಿದ್ದೆ. ಸರಿಮಾಡಿದ್ದೇವೆ ನೋಡಿ ಎಂದೆ.
ಸೀರೆಯ ಸೆರಗಿಗೆ ಕೈ ಒರೆಸಿ, ನಕ್ಕು,
ಸೊಂಟದ ಚೀಲದಿಂದ ಚಿಲ್ಲರೆ ಎಣಿಸಿ ಕೊಟ್ಟಳು.
ನೋಟು ಒದ್ದೆಯಾದರೆ
ಬಿಸಿಲಿಗೆ ಹಾಕಬಹುದಮ್ಮ, ಎಂದಳು.